ಕಾಗದದಲ್ಲಿ ಕೊಲೋನ್ ಕ್ಯಾಥೆಡ್ರಲ್: ಅಳತೆ, ಕಿಟಕಿ, ಶಿಖರ ಮತ್ತು ಮಳೆಗಾಲ

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ದಿನವೂ ನೋಡುತ್ತಾ ಬೆಳೆದವಳು ನಾನು. ಅದಕ್ಕೆ ಸ್ಫೂರ್ತಿಯಾದ ಜರ್ಮನಿಯ ಕೊಲೋನ್ ಕ್ಯಾಥೆಡ್ರಲನ್ನು ಬರೀ ಕಾಗದದಲ್ಲಿ, ಕಿಟಕಿಯ ಕಲ್ಲಿನ ಕೆತ್ತನೆಯೂ ಕಾಣುವಂತೆ ಮಾಡಬೇಕೆಂಬ ಆಸೆ ಇದೆ. ಸಣ್ಣ ಮನೆ, ಬಸ್ಸುಗಳ ಕಾಗದದ ಮಾದರಿ ಮಾಡಿ ಅಭ್ಯಾಸವಿದೆ. ಯಾವ ಅಳತೆ, ಯಾವ ಕಾಗದ, ಎಲ್ಲಿಂದ ಶುರು ಮಾಡಲಿ?
— ಓದುಗರು, ಮೈಸೂರು

ಉತ್ತರ: ನೀವು ಹೇಳಿದ ನಂಟು ನಿಜ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟ ಮೈಸೂರಿನ ಚರ್ಚು ಕೊಲೋನಿನ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ಎದ್ದದ್ದು. ಆದರೆ ಗಾತ್ರದಲ್ಲಿ ಎರಡಕ್ಕೂ ಅಜಗಜಾಂತರ. ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳು 175 ಅಡಿ, ಅಂದರೆ ಸುಮಾರು 53 ಮೀಟರ್ ಎತ್ತರ. ಕೊಲೋನಿನವು 157 ಮೀಟರ್. ಅದರ ಉದ್ದ 144 ಮೀಟರ್, ಶಿಲುಬೆಯಾಕಾರದ ಆ ಕಟ್ಟಡದ ಅಡ್ಡತೋಳಿನ ಕಡೆ ಅಗಲ 86 ಮೀಟರ್. 1880ರಲ್ಲಿ ಕೆಲಸ ಮುಗಿದಾಗ ಅದಕ್ಕಿಂತ ಎತ್ತರದ ಕಟ್ಟಡ ಜಗತ್ತಿನಲ್ಲಿ ಇರಲಿಲ್ಲ.

ಮೇಜಿನ ಮೇಲೆ ಎಷ್ಟು ಜಾಗವಿದೆ ಎಂದು ನೋಡಿ ಅಳತೆ ಆರಿಸುವುದು ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ನಿಮ್ಮ ಕೈ ಹರಿಯದಂತೆ ಕತ್ತರಿಸಬಲ್ಲ ಅತಿ ತೆಳುವಾದ ಪಟ್ಟಿ ಯಾವುದೋ ಅದೇ ಅಳತೆಯನ್ನು ತೀರ್ಮಾನಿಸಬೇಕು. ಒಂದು ದಪ್ಪ ಹಾಳೆಯಲ್ಲಿ ಅಕ್ಕಪಕ್ಕ ಎರಡೆರಡು ಉದ್ದನೆಯ ಕಿಂಡಿಗಳನ್ನು ಕೊರೆಯಿರಿ. ನಡುವೆ ಉಳಿಯುವ ಪಟ್ಟಿ ಮೊದಲು ಒಂದೂವರೆ ಮಿಲಿಮೀಟರ್ ಇರಲಿ, ಆಮೇಲೆ ಒಂದು, ಕೊನೆಗೆ ಮುಕ್ಕಾಲು. ಒಂದು ಮಿಲಿಮೀಟರ್ ಪಟ್ಟಿ ನೆಟ್ಟಗೆ ಉಳಿದರೆ 1:300 ನಿಮಗೆ ಸರಿಯಾದ ಅಳತೆ. ಅಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದ 30 ಸೆಂಟಿಮೀಟರ್. ಆದ್ದರಿಂದ ಕಿಟಕಿಯನ್ನು ಸೀಳುವ ಕಲ್ಲಿನ ಕಂಬಿಗಳನ್ನು ತೋರಿಸಲು ಸಾಧ್ಯವಾಗುತ್ತದೆ. ಮಾದರಿಯ ಎತ್ತರ 52 ಸೆಂ.ಮೀ., ಉದ್ದ 48, ಅಗಲ 29 ಆಗುತ್ತದೆ. 1:500ಕ್ಕೆ ಇಳಿದರೆ 31 ಸೆಂ.ಮೀ. ಎತ್ತರದ ಮುದ್ದಾದ ಮಾದರಿ ಸಿಗುತ್ತದೆ, ಆದರೆ ಕಿಟಕಿಯ ಕೆತ್ತನೆಯನ್ನು ಕತ್ತರಿಸುವ ಮಾತು ಬಿಟ್ಟು ಬರೆಯಬೇಕಾಗುತ್ತದೆ. ನಿಮ್ಮ ಆಸೆಯೇ ಆ ಕೆತ್ತನೆಯಾದ್ದರಿಂದ 1:300ಕ್ಕಿಂತ ಚಿಕ್ಕದಕ್ಕೆ ಹೋಗಬೇಡಿ.

ಹೊರಗೋಡೆಗೆ 180ರಿಂದ 220 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ) ತೂಕದ, ನುಣುಪಾದ, ಗಟ್ಟಿ ಹಾಳೆ ಬೇಕು. ಶಾಲಾ ಮಕ್ಕಳ ಚಾರ್ಟ್ ಪೇಪರ್ ಮೆತ್ತಗಿರುತ್ತದೆ, ಅದರ ಅಂಚು ನಯವಾಗಿ ಬರುವುದಿಲ್ಲ. ಒಳಗಿನ ಅಡ್ಡಗೋಡೆಗಳಿಗೆ 300 ಜಿಎಸ್‌ಎಂ, ಅಡಿಪಾಯಕ್ಕೆ ಎರಡು ಮಿಲಿಮೀಟರ್ ದಪ್ಪದ ರಟ್ಟು ಇಟ್ಟುಕೊಳ್ಳಿ. ಹಾಳೆ ಕೊಂಡ ಮೇಲೆ ನಾರು ಯಾವ ದಿಕ್ಕಿಗೆ ಓಡುತ್ತದೆ ಎಂದು ನೋಡುವುದು ಮೊದಲ ಕೆಲಸ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಮಡಿಕೆಗೆ ಸಮಾನಾಂತರವಾಗಿ ನಾರು ಇದೆ. ಗೋಪುರದ ಉದ್ದನೆಯ ಮಡಿಕೆಗಳು ನಾರಿನ ದಿಕ್ಕಿಗೇ ಬರುವಂತೆ ಭಾಗಗಳನ್ನು ಹಾಳೆಯ ಮೇಲೆ ಜೋಡಿಸಿ. ನಾರಿಗೆ ಅಡ್ಡಲಾಗಿ ಮಡಿಚಿದರೆ ಮಡಿಕೆಯ ಮೇಲೆ ಬಿರುಕು ಮೂಡುತ್ತದೆ, ಚೂಪಾದ ಮೂಲೆ ಸಿಗುವುದಿಲ್ಲ. ಮಡಿಚುವ ಮುನ್ನ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಗೀರು ಹಾಕುವುದು ಕಡ್ಡಾಯ.

ಈಗ ರಚನೆಯ ವಿಷಯಕ್ಕೆ ಬರೋಣ. ಕೊಲೋನಿನಲ್ಲಿ 43 ಮೀಟರ್ ಎತ್ತರದ ಕಲ್ಲಿನ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹೊರಗಿನ ಆಸರೆ ಕಮಾನುಗಳು ಹಿಡಿದು ದಪ್ಪ ಕಂಬಗಳ ಮೂಲಕ ನೆಲಕ್ಕೆ ಇಳಿಸುತ್ತವೆ. ಗೋಡೆ ಭಾರ ಹೊರಬೇಕಾಗಿಲ್ಲವಾದ್ದರಿಂದಲೇ ಅಷ್ಟು ದೊಡ್ಡ ಕಿಟಕಿಗಳನ್ನು ತೆರೆಯಲು ಸಾಧ್ಯವಾಯಿತು. ಕಾಗದದ ಕಷ್ಟ ಬೇರೆ. ಭಾರ ಲೆಕ್ಕಕ್ಕಿಲ್ಲ, ಗೋಡೆ ಸೊಟ್ಟಗಾಗುವುದೇ ತೊಂದರೆ. ಕಿಟಕಿಗಳಿಗಾಗಿ ತೂತು ಕೊರೆದ ಅರ್ಧ ಮೀಟರ್ ಉದ್ದದ ಗೋಡೆ ತಾನಾಗಿ ನಿಲ್ಲುವುದಿಲ್ಲ. ಆಸರೆ ಕಮಾನುಗಳನ್ನು ಅಂಟಿಸಿದ ಮಾತ್ರಕ್ಕೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಕಣ್ಣಿಗೆ ಕಾಣದ ಗೂಡು ಕಟ್ಟಿ. ಉದ್ದಕ್ಕೆ ಎರಡು ಪಟ್ಟಿ, ಅಡ್ಡಕ್ಕೆ ಹಲವು ಪಟ್ಟಿ ಹಾಕಿ, ಪ್ರತಿಯೊಂದರಲ್ಲೂ ಅರ್ಧ ಎತ್ತರದವರೆಗೆ ಸೀಳು ಮಾಡಿ ಒಂದರೊಳಗೊಂದು ಕೂರಿಸಿ. ಅಡ್ಡಪಟ್ಟಿಗಳು ಕಿಟಕಿಗಳ ನಡುವಿನ ಕಂಬದ ಹಿಂದೆಯೇ ಬರಬೇಕು, ಆಗ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ನೆಟ್ಟಗೆ ನಿಲ್ಲಿಸುವ ಹೊಣೆಯನ್ನೆಲ್ಲ ಆ ಗೂಡಿಗೆ ಒಪ್ಪಿಸಿಬಿಟ್ಟರೆ ಹೊರಗಿನ ಕಮಾನು, ಜಾಲರಿ, ಕಿರುಶಿಖರಗಳನ್ನು ನಿಮಗೆ ಬೇಕಾದಷ್ಟು ತೆಳುವಾಗಿ ಮಾಡಬಹುದು.

ಕಿಟಕಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾಗದದ ಕ್ಯಾಥೆಡ್ರಲ್ ಗೆಲ್ಲುವುದೂ ಸೋಲುವುದೂ ಅಲ್ಲಿಯೇ. ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಮೊನಚು ಕಮಾನನ್ನು ಬರೆಯಲು ಕೈವಾರ ಸಾಕು. ಕಿಟಕಿಯ ಅಗಲವನ್ನೇ ತ್ರಿಜ್ಯವಾಗಿಟ್ಟು ಎರಡೂ ಬುಡಗಳಿಂದ ಒಂದೊಂದು ಚಾಪ ಎಳೆದರೆ ಅವು ಮೇಲೆ ಸೇರುವ ಜಾಗವೇ ತುದಿ. ಒಂದು ಸೆಂಟಿಮೀಟರ್ ಅಗಲಕ್ಕೆ ಕಮಾನಿನ ಎತ್ತರ ಹೆಚ್ಚುಕಡಿಮೆ 8.7 ಮಿಲಿಮೀಟರ್ ಬರುತ್ತದೆ. ಇಡೀ ಕೆತ್ತನೆಯನ್ನು ಒಂದೇ ಹಾಳೆಯಲ್ಲಿ ಕೊರೆಯುವ ಹಟ ಬೇಡ. ಮೂರು ಪದರ ಮಾಡಿ. ಎದುರಿಗೆ ಗೋಡೆಯ ಹಾಳೆ, ಅದರಲ್ಲಿ ದೊಡ್ಡ ಕಮಾನು ಮಾತ್ರ. ಅದರ ಹಿಂದೆ ಸ್ವಲ್ಪ ತೆಳುವಾದ ಹಾಳೆ, ಅದರಲ್ಲಿ ಕಮಾನನ್ನು ಎರಡಾಗಿ ಸೀಳುವ ನಡುಕಂಬಿ ಮತ್ತು ಮೇಲಿನ ದುಂಡನೆಯ ಹೂವು. ಕಟ್ಟಕಡೆಗೆ 100 ಜಿಎಸ್‌ಎಂ ಹಾಳೆ, ಅದರಲ್ಲಿ ಅತಿ ಸಣ್ಣ ಕಂಬಿಗಳು. ನಿಜದ ಗಾಥಿಕ್ ಕಿಟಕಿಯಲ್ಲೂ ದಪ್ಪ ಕಂಬಿ ಮುಂದಕ್ಕೆ, ಸಣ್ಣ ಕಂಬಿ ಹಿಂದಕ್ಕೆ ಇರುತ್ತದೆ. ಪದರಗಳನ್ನು ಹೀಗೆ ಹಿಂದಕ್ಕೆ ಸರಿಸುತ್ತಾ ಹೋದರೆ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಬಿದ್ದು ಕಲ್ಲಿನ ಆಳ ತಾನಾಗಿ ಬರುತ್ತದೆ.

ಕತ್ತರಿಸುವಾಗ ಒಳಗಿನ ಕಿಂಡಿಗಳು ಮೊದಲು, ಗೋಡೆಯ ಹೊರಗೆರೆ ಕಟ್ಟಕಡೆಗೆ. ಹೊರಗೆರೆಯನ್ನು ಮೊದಲೇ ಕತ್ತರಿಸಿಬಿಟ್ಟರೆ ಹಿಡಿಯಲು ಅಂಚು ಉಳಿಯುವುದಿಲ್ಲ, ಪಟ್ಟಿಗಳು ಅಲುಗಾಡಿ ಹರಿಯುತ್ತವೆ. ಕಿಂಡಿಗಳಲ್ಲೂ ಚಿಕ್ಕವು ಮೊದಲು. ಅಲಗನ್ನು ಕಮಾನಿನ ತುದಿಯಲ್ಲಿ ಊರಿ ಕೆಳಕ್ಕೆ ಎಳೆಯಿರಿ. ಮೇಲಕ್ಕೆ ಎಳೆದರೆ ತುದಿ ದಾಟಿ ಗೋಡೆಯ ಮೇಲೆ ಗಾಯವಾಗುತ್ತದೆ. ತಿರುವಿನಲ್ಲಿ ಕಟ್ಟರ್ ಹಿಡಿದ ಕೈಯನ್ನು ತಿರುಗಿಸದೆ ಇನ್ನೊಂದು ಕೈಯಿಂದ ಹಾಳೆಯನ್ನು ತಿರುಗಿಸಿ. ಸಣ್ಣ ದುಂಡು ರಂಧ್ರಗಳಿಗೆ ಚರ್ಮದ ಕೆಲಸದವರು ಬಳಸುವ ತೂತು ಹಾಕುವ ಕೊಳವೆ ಉಳಿಯೇ ವಾಸಿ. ಅಂಚಿನಲ್ಲಿ ನಾರು ಎದ್ದು ಕಾಣತೊಡಗಿದ ಕೂಡಲೇ ಅಲಗು ಬದಲಿಸಿ. ಅಲಗಿನಲ್ಲಿ ಉಳಿಸಿದ ನಾಲ್ಕು ಕಾಸು ಗೋಡೆಯಲ್ಲಿ ಹೋಗುತ್ತದೆ.

ಅವಳಿ ಶಿಖರಗಳು ಎಂಟು ಮುಖದವು. ಬುಡದ ಎದುರುಬದುರು ಮುಖಗಳ ನಡುವಿನ ಅಗಲವನ್ನು 0.414ರಿಂದ ಗುಣಿಸಿದರೆ ಒಂದೊಂದು ಮುಖದ ಬುಡದ ಅಳತೆ ಸಿಗುತ್ತದೆ. ಅಗಲ 4 ಸೆಂ.ಮೀ. ಇದ್ದರೆ ಮುಖದ ಬುಡ 1.66 ಸೆಂ.ಮೀ. ಶಿಖರದ ನೇರ ಎತ್ತರ 16 ಸೆಂ.ಮೀ. ಎಂದಿಟ್ಟುಕೊಂಡರೆ ಓರೆಯಾದ ಮುಖದ ಎತ್ತರ 16.12 ಸೆಂ.ಮೀ. ಆಗಬೇಕು. ಈ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ ಶಿಖರ ಗಿಡ್ಡವಾಗುತ್ತದೆ. ಎಂಟು ಮಡಿಕೆಗಳನ್ನು ಒಂದೇ ಚುಕ್ಕಿಗೆ ತರಲು ಹೋಗಬೇಡಿ, ದಪ್ಪ ಸೇರಿ ತುದಿ ಗಂಟಾಗುತ್ತದೆ. ಐದು ಮಿಲಿಮೀಟರ್ ಕೆಳಗೇ ನಿಲ್ಲಿಸಿ ಒಳಗಿನಿಂದ ಹಲ್ಲುಕಡ್ಡಿ ತೂರಿಸಿ, ತುದಿಯ ಹೂವಿನಾಕಾರದ ಅಲಂಕಾರವನ್ನು ಅದರ ಮೇಲೆ ಬೇರೆಯಾಗಿ ಕೂರಿಸಿ.

ನಕ್ಷೆ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ, ಈ ಕಟ್ಟಡದ ಅಳತೆಚಿತ್ರಗಳು 19ನೇ ಶತಮಾನದಿಂದಲೇ ಅಚ್ಚಾಗಿವೆ. ಕೊಲೋನಿನ ಕಥೆಯೇ ಒಂದು ನಕ್ಷೆಯ ಕಥೆ. 1248ರಲ್ಲಿ ಶುರುವಾದ ಕೆಲಸ 16ನೇ ಶತಮಾನದಲ್ಲಿ ನಿಂತುಹೋಯಿತು. ಮೊಂಡು ಗೋಪುರದ ಮೇಲೆ ಮರದ ಕ್ರೇನೊಂದು ಶತಮಾನಗಳ ಕಾಲ ಹಾಗೆಯೇ ನಿಂತಿತ್ತು. ಪಶ್ಚಿಮ ಮುಖದ ಮಧ್ಯಯುಗದ ನಕ್ಷೆ, ಚರ್ಮದ ಹಾಳೆಯ ಮೇಲೆ ಬರೆದದ್ದು, ನಾಲ್ಕು ಮೀಟರ್‌ಗಿಂತ ಎತ್ತರದ್ದು, ಎಲ್ಲಿಯೋ ಕಳೆದುಹೋಗಿತ್ತು. ಅದರ ಅರ್ಧ 1814ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ, ಉಳಿದರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತು. 1842ರಲ್ಲಿ ಮತ್ತೆ ಕೆಲಸ ಹಿಡಿದವರು ಗೋಪುರಗಳನ್ನು ಎಬ್ಬಿಸಿದ್ದು ಆ ಹಾಳೆಯನ್ನು ಮುಂದಿಟ್ಟುಕೊಂಡು. ಅಷ್ಟು ದೊಡ್ಡ ಕಲ್ಲಿನ ಕಟ್ಟಡವೂ ಮೊದಲು ಒಂದು ಹಾಳೆಯ ಮೇಲೆಯೇ ಪೂರ್ತಿಯಾಗಿತ್ತು ಎಂಬುದು ಕಾಗದ ಕತ್ತರಿಸುವ ನಮಗೆಲ್ಲ ಹಿಗ್ಗಿನ ಸಂಗತಿ.

ಬಣ್ಣ ಹಚ್ಚಬೇಕೆ? ಇಂದಿನ ಕೊಲೋನ್ ಮಸಿಗಪ್ಪಾಗಿ ಕಾಣುತ್ತದೆ. ಆದರೂ ನನ್ನ ಮತ ಬಿಳಿ ಹಾಳೆಗೇ. ಪದರ ಪದರವಾಗಿ ಕೊರೆದ ಕೆಲಸವನ್ನು ತೋರಿಸುವುದು ನೆರಳು. ಬೂದು ಬಣ್ಣ ಅದನ್ನು ನುಂಗಿಬಿಡುತ್ತದೆ.

ಇಡೀ ಕಟ್ಟಡಕ್ಕೆ ಕೈ ಹಾಕುವ ಮುನ್ನ ಎರಡು ಕಂಬಗಳ ನಡುವಿನ ಒಂದೇ ಒಂದು ಅಂಕಣವನ್ನು, ಕಿಟಕಿ, ಆಸರೆ ಕಮಾನು, ಮೇಲಿನ ಕಿರುಶಿಖರ ಸಮೇತ, ಪೂರ್ತಿ ಮಾಡಿ ನೋಡಿ. ಅದು ಸರಿಬಂದರೆ ಉಳಿದದ್ದು ಅದರ ಪುನರಾವರ್ತನೆ. ಕಿರುಶಿಖರಗಳನ್ನು ಮಾತ್ರ ಎಲ್ಲ ಮುಗಿದ ಮೇಲೆ ಅಂಟಿಸಿ. ಮೊದಲೇ ಅಂಟಿಸಿದರೆ ತೋಳು ತಾಗಿ ಒಂದೊಂದೇ ಮುರಿಯುತ್ತವೆ.

ಪ್ರಶ್ನೆ: ನಮ್ಮೂರಿನ ಮಳೆಗಾಲದಲ್ಲಿ ಕಾಗದದ ಮಾದರಿಗಳು ಸೊಟ್ಟಗಾಗುತ್ತವೆ, ಹುಳುವೂ ಹಿಡಿಯುತ್ತದೆ. ಏನು ಮಾಡಲಿ?
— ಓದುಗರು, ಸಾಗರ

ಉತ್ತರ: ಮೈದಾ ಅಂಟು ಬಳಸುತ್ತಿದ್ದರೆ ಇಂದೇ ಬಿಡಿ. ಜಿರಳೆಗೂ ಹಾಳೆ ತಿನ್ನುವ ಹುಳುವಿಗೂ ಅದು ಆಹಾರ. ಹಿಂದೆ ಪುಸ್ತಕಕ್ಕೆ ರಟ್ಟು ಕಟ್ಟುವವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮನೆಯಲ್ಲಿ ಬೇಡ. ಫೆವಿಕಾಲಿನಂಥ ಬಿಳಿ ಅಂಟು ಸಾಕು, ಆದರೆ ಅದರಲ್ಲಿರುವ ನೀರೇ ಹಾಳೆಯನ್ನು ಉಬ್ಬಿಸುತ್ತದೆ. ಒಂದು ಹನಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಾಕಿ, ಹಲ್ಲುಕಡ್ಡಿಯ ತುದಿಯಿಂದ ತೆಳುವಾಗಿ ಸವರಿ, ಅರೆಕ್ಷಣ ಜಿಗುಟಾಗಲು ಬಿಟ್ಟು ಒತ್ತಿ. ಅಗಲವಾದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುವಾಗ ಎರಡರ ನಾರೂ ಒಂದೇ ದಿಕ್ಕಿಗಿರಲಿ. ತೇವ ಕುಡಿದಾಗ ಹಾಳೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ದಿಕ್ಕು ಬೇರೆ ಬೇರೆಯಾದರೆ ಒಂದು ಇನ್ನೊಂದನ್ನು ಎಳೆದು ಗೋಡೆ ಡೊಂಕಾಗುತ್ತದೆ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದ್ದನೆಯ ಗೋಡೆಗಳ ಅಂಟಿಸುವ ಕೆಲಸವನ್ನೇ ಬಿಟ್ಟು, ಕಿಟಕಿ ಕೊರೆಯುತ್ತಾ ಕೂರುವುದು ಮೇಲು. ಕೊರೆದ ಭಾಗಗಳನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಇಡಿ. ಪೂರ್ತಿಯಾದ ಮಾದರಿಗೆ ಪಾರದರ್ಶಕ ವಾರ್ನಿಷನ್ನು ದೂರದಿಂದ, ತೀರಾ ತೆಳುವಾಗಿ, ಒಳಗೂ ಹೊರಗೂ ಸಿಂಪಡಿಸಿ. ಒಂದೇ ಕಡೆ ಹೊಡೆದರೆ ಆ ಕಡೆಗೇ ಬಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅದನ್ನು ಆಗಾಗ ಬದಲಿಸುವುದು ಮರೆಯಬೇಡಿ.

ಪ್ರಶ್ನೆ: ಇಲ್ಲಿ ಅಚ್ಚಾದ ಕಟ್ಟಡದ ಹಾಳೆಗಳು ಅಂಗಡಿಯಲ್ಲಿ ಸಿಗುತ್ತವೆ. ಹತ್ತು ವರ್ಷದ ಮಗಳೊಂದಿಗೆ ಮಾಡಲು ಒಂದನ್ನು 1:300ರಿಂದ 1:200ಕ್ಕೆ ದೊಡ್ಡದು ಮಾಡಿ ಮುದ್ರಿಸಬಹುದೆ? ಮಡಿಚಿದ ಕಡೆ ಬಿಳಿ ಗೆರೆ ಕಾಣುವುದನ್ನು ತಪ್ಪಿಸುವುದು ಹೇಗೆ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ನೀವು ಸರಿಯಾದ ಊರಿನಲ್ಲಿದ್ದೀರಿ. ಕಾಗದದ ಮಾದರಿಗಳಿಗೆ ಹೆಸರಾದ ಷ್ರೈಬರ್ ಪ್ರಕಾಶನ 19ನೇ ಶತಮಾನದಲ್ಲಿ ಹುಟ್ಟಿದ್ದು ನಿಮ್ಮ ಪಕ್ಕದ ಎಸ್‌ಲಿಂಗನ್‌ನಲ್ಲಿ. ಉಚಿತವಾಗಿ ಇಳಿಸಿಕೊಳ್ಳಲು ಕ್ಯಾನನ್ ಸಂಸ್ಥೆಯ ಕ್ರಿಯೇಟಿವ್ ಪಾರ್ಕ್ ತಾಣದಲ್ಲೂ ಜಗತ್ತಿನ ಹಲವು ಕಟ್ಟಡಗಳಿವೆ.

150 ಪ್ರತಿಶತಕ್ಕೆ ಮುದ್ರಿಸಿದರೆ 1:200 ಆಗುತ್ತದೆ. ಕೊಂಡ ಹಾಳೆಯ ಪ್ರತಿಯನ್ನು ಮನೆಯ ಬಳಕೆಗೆ ಮಾತ್ರ ಇಟ್ಟುಕೊಳ್ಳಿ. ಕಾಗದ ಎರಡೂಕಾಲು ಪಟ್ಟು ಬೇಕಾಗುತ್ತದೆ. ಚಿತ್ರ ದೊಡ್ಡದಾದರೂ ಹಾಳೆಯ ದಪ್ಪ ಅಷ್ಟೇ ಇರುವುದರಿಂದ ಸೀಳುಗಳು ಸಡಿಲವಾಗುತ್ತವೆ. ಮುದ್ರಿತ ಸೀಳಿನ ಅಗಲವನ್ನು ನಂಬದೆ ನಿಮ್ಮ ಹಾಳೆಯ ದಪ್ಪಕ್ಕೆ ತಕ್ಕಂತೆ ಕತ್ತರಿಸಿ. ಬಿಳಿ ಗೆರೆಗೆ ಪರಿಹಾರ ಸುಲಭ: ಗೀರು ಹಾಕಿದ ಮೇಲೆ, ಅಂಟಿಸುವ ಮೊದಲು, ಅಂಚಿಗೂ ಮಡಿಕೆಗೂ ಅದೇ ಛಾಯೆಯ ಜಲವರ್ಣವನ್ನು ಒಣ ಕುಂಚದಲ್ಲಿ ಸವರಿ. ಇಂಕ್‌ಜೆಟ್ ಮುದ್ರಣವಾದರೆ ನೀರು ತಾಗಿ ಶಾಯಿ ಕದಡುತ್ತದೆ, ಅದಕ್ಕೆ ಬಣ್ಣದ ಪೆನ್ಸಿಲ್ ಒಳ್ಳೆಯದು. ಮಗಳ ಕೈಗೆ ಕತ್ತರಿ ಮತ್ತು ಗೀರು ಹಾಕುವ ಕೆಲಸ ಕೊಡಿ, ಕಟ್ಟರ್ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ಕಿಟಕಿಗಳಿಗೆ ಬಣ್ಣದ ಗಾಜು ಹಾಕಿ ಒಳಗೆ ದೀಪ ಇಡಬಹುದೆ?
— ಓದುಗರು, ಮಂಗಳೂರು

ಉತ್ತರ: ಸಣ್ಣ ಎಲ್‌ಇಡಿ ಸರ ಮಾತ್ರ. ಬೆಂಕಿಯ ದೀಪ ಖಂಡಿತ ಬೇಡ. ಗಾಜಿಗೆ ಟ್ರೇಸಿಂಗ್ ಪೇಪರ್ ಮೇಲೆ ಬಣ್ಣ ಮುದ್ರಿಸಿ ಹಿಂದಿನಿಂದ ಅಂಟಿಸಿ. ಕೊಲೋನಿನ ದಕ್ಷಿಣ ತೋಳಿನಲ್ಲಿ ಜರ್ಮನ್ ಕಲಾವಿದ ಗೆರ್‌ಹಾರ್ಟ್ ರಿಕ್ಟರ್ 2007ರಲ್ಲಿ ರೂಪಿಸಿದ ಕಿಟಕಿಯಿದೆ, 72 ಬಣ್ಣಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಚೌಕಗಳದ್ದು. ಒಂದೊಂದು ಚೌಕ 9.6 ಸೆಂ.ಮೀ. 1:300ರಲ್ಲಿ ಅದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ ಎನ್ನುವಷ್ಟಾಗುತ್ತದೆ, ಮುದ್ರಣವೇ ಗತಿ. ಗೋಡೆಯ ಹಾಳೆಯ ಮೂಲಕ ಬೆಳಕು ಸೋರದಂತೆ ಒಳಮೈಗೆ ಕಪ್ಪು ಕಾಗದ ಹಚ್ಚಿ. ಬ್ಯಾಟರಿ ಬದಲಿಸಲು ಚಾವಣಿಯನ್ನು ಅಂಟಿಸದೆ, ಎತ್ತಿ ತೆಗೆಯುವಂತೆ ಕೂರಿಸಿ.