ನಮ್ಮ ಮನೆ ವೈಫೈ ಬೇರೆ ಯಾರೋ ಬಳಸುತ್ತಿದ್ದಾರೆ ಅನ್ನಿಸುತ್ತಿದೆ. ಕಂಡುಹಿಡಿದು ತೆಗೆಯುವುದು ಹೇಗೆ?

ಒಬ್ಬೊಬ್ಬರನ್ನೇ ಬ್ಲಾಕ್ ಮಾಡುತ್ತಾ ಕೂರಬೇಡಿ. ವೈಫೈ ಪಾಸ್‌ವರ್ಡ್ ಬದಲಿಸಿ, ಎಲ್ಲರೂ ಒಟ್ಟಿಗೆ ಹೊರಗೆ ಬೀಳುತ್ತಾರೆ.

ಆದರೆ ಮೊದಲು ಯಾರಾದರೂ ಇದ್ದಾರಾ ಅಂತ ನೋಡಬೇಕು ಅಲ್ವಾ? ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿದರೆ ಸಾಮಾನ್ಯವಾಗಿ ರೂಟರ್‌ನ ಪುಟ ತೆರೆಯುತ್ತದೆ. ತೆರೆಯದಿದ್ದರೆ ರೂಟರ್‌ನ ತಳದಲ್ಲಿ ಅಂಟಿಸಿರುವ ಚೀಟಿ ನೋಡಿ. ಒಳಗೆ ‘ಕನೆಕ್ಟೆಡ್ ಡಿವೈಸಸ್’ ಎಂಬಂಥ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರು ಕಂಡ ಕೂಡಲೇ ಪಕ್ಕದ ಮನೆಯವರ ಮೇಲೆ ಸಂಶಯ ಬೇಡ, ಅದು ನಿಮ್ಮದೇ ಟಿವಿಯೋ ಸ್ಮಾರ್ಟ್ ಬಲ್ಬೋ ಇರಬಹುದು! ಮನೆಯ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. ಕೊನೆಗೆ ಉಳಿದದ್ದು ಹೊರಗಿನವರದ್ದು.

ಬ್ಲಾಕ್ ಮಾಡಿದರೆ ಯಾಕೆ ಸಾಲದು? ರೂಟರ್ ಸಾಧನವನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ, ಅಂದರೆ ವೈಫೈ ಚಿಪ್‌ನ ನಂಬರಿನಿಂದ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದ ಮೇಲೆ ಫೋನುಗಳು ಅಸಲಿ ನಂಬರ್ ಮರೆಮಾಡಿ ಬೇರೊಂದನ್ನು ತೋರಿಸಬಲ್ಲವು. ಹೊಸ ನಂಬರ್ ಬಂದರೆ ರೂಟರಿಗೆ ಅದು ಹೊಸ ಫೋನು. ಪಾಸ್‌ವರ್ಡ್ ಹಾಗಲ್ಲ. ಒಳಗೆ ಬರಲು ಬೇಕಾದ ಕೀ ತಯಾರಾಗುವುದೇ ಅದರಿಂದ, ಹಾಗಾಗಿ ಹಳೆಯದು ಇಟ್ಟುಕೊಂಡವರಿಗೆ ಬಾಗಿಲು ತೆರೆಯುವುದಿಲ್ಲ.

ಪಾಸ್‌ವರ್ಡ್ ಬದಲಿಸುವಾಗ ಭದ್ರತೆಯ (ಸೆಕ್ಯುರಿಟಿ) ವಿಧಾನಗಳಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸಿ, ಇಲ್ಲವಾದರೆ ಡಬ್ಲ್ಯೂಪಿಎ2. ಪಾಸ್‌ವರ್ಡ್ ಹಾಕದೆ ಬಟನ್ ಅಥವಾ ಪಿನ್‌ನಿಂದ ಸಾಧನ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡಿ, ಅದರ 8 ಅಂಕಿಯ ಪಿನ್ ಮುರಿಯುವುದು ಕಷ್ಟವಲ್ಲ. ರೂಟರ್ ಪುಟದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ, ಜಾಸ್ತಿ ಜನ ಮರೆಯುವುದು ಇದನ್ನೇ. ನೆಂಟರಿಗೆ ಬೇರೆ ಪಾಸ್‌ವರ್ಡ್ ಇರುವ ಗೆಸ್ಟ್ ನೆಟ್‌ವರ್ಕ್ ಕೊಡಿ.