ಹಳ್ಳೀಲಿರೋ ಅಪ್ಪನ ಗೊರಕೆಗೆ ಬೆಂಗಳೂರಿಗೇ ಕರ್ಕೊಂಡು ಹೋಗ್ಬೇಕಾ?

ನಿಮ್ಮ ಅಪ್ಪನಿಗೆ 56 ವರ್ಷ, ಬಿಪಿಗೆ ಮೂರು ಥರ ಮಾತ್ರೆ ನುಂಗಿದ್ರೂ ಇಳೀತಿಲ್ಲ, ಹಗಲು ಕೂತಲ್ಲೇ ತೂಕಡಿಸ್ತಾರೆ, ಗೊರಕೆ ಪಕ್ಕದ ಮನೆಗೂ ಕೇಳತ್ತೆ, ಊರಿನ ಡಾಕ್ಟ್ರು ವಯಸ್ಸಾಯ್ತು ಬಿಡಿ ಅಂದ್ರು ಅಂತ ಬರೆದಿದೀರ. ನಾನು ತುಮಕೂರು ಕಡೆ ಒಂದು ಹೋಬಳೀಲಿ ಕ್ಲಿನಿಕ್ ನಡೆಸ್ತೀನಿ. ಈ ಥರದವರು ಬರ್ತಾನೇ ಇರ್ತಾರೆ, ಆದ್ರೆ ಗೊರಕೆ ಅಂತ ಯಾರೂ ಬರಲ್ಲ. ಸುಸ್ತು ಸಾರ್ ಒಂದು ಗ್ಲೂಕೋಸ್ ಹಾಕಿ ಅಂತಾರೆ, ಬೆಳಗ್ಗೆ ಎದ್ರೆ ತಲೆ ಭಾರ ಅಂತಾರೆ. ಗೊರಕೆ ಹೊಡೆದ್ರೆ ಒಳ್ಳೆ ನಿದ್ದೆ ಅಂತ ನಮ್ಮ ಕಡೆ ಲೆಕ್ಕ ನೋಡಿ.

ಅದಕ್ಕೇ ನಾನು ಪೇಷೆಂಟ್‌ನ ಬಿಟ್ಟು ಜೊತೇಲಿ ಬಂದಿರೋ ಹೆಂಡ್ತೀನ ಕೇಳ್ತೀನಿ. ಗೊರಕೆ ಹೊಡೀತಾ ಹೊಡೀತಾ ಮಧ್ಯೆ ಸದ್ದೇ ನಿಂತೋಗತ್ತಾ, ಆಮೇಲೆ ಉಸಿರು ಕಟ್ಟಿದಂಗಾಗಿ ದಡಕ್ಕಂತ ಏಳ್ತಾರಾ? ಅಯ್ಯೋ ಹೌದು ಡಾಕ್ಟ್ರೇ, ನಾನೇ ಎಷ್ಟೋ ಸಲ ಅಲ್ಲಾಡ್ಸಿ ಎಬ್ಬಿಸಿದೀನಿ ಅಂದ್ರೆ ಅರ್ಧ ಕೆಲಸ ಆದಂಗೇ. ನೀವೂ ಅಮ್ಮನ್ನ ಕೇಳಿ, ಸಾಧ್ಯ ಆದ್ರೆ ರಾತ್ರಿ ಮೊಬೈಲಲ್ಲಿ ಒಂದು ವಿಡಿಯೋ ಮಾಡಿಸಿ, ಡಾಕ್ಟ್ರಿಗೆ ತೋರ್ಸೋಕೆ ಅದಕ್ಕಿಂತ ಒಳ್ಳೇದಿಲ್ಲ.

ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೇಲಿ ಗಂಟಲಿನ ಸ್ನಾಯು ಸಡಿಲ ಆಗಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಕೊಳ್ಳತ್ತೆ, 10 ಸೆಕೆಂಡೋ ಅದಕ್ಕಿಂತ ಜಾಸ್ತೀನೋ, ರಕ್ತದಲ್ಲಿ ಆಕ್ಸಿಜನ್ ಇಳಿಯತ್ತೆ, ಮೆದುಳು ಗಾಬರಿಯಾಗಿ ಎಬ್ಬಿಸತ್ತೆ, ಅವರಿಗೆ ಎಚ್ಚರ ಆಗಿದ್ದೇ ಗೊತ್ತಿರಲ್ಲ. ರಾತ್ರಿಯೆಲ್ಲಾ ಇದೇ ಆದ್ರೆ ಬಿಪಿ ಹೆಂಗೆ ಇಳೀಬೇಕು ಹೇಳಿ. ಇನ್ನೊಂದು, ರಾತ್ರಿ ಮೂರು ನಾಲ್ಕು ಸಲ ಒಂದಕ್ಕೆ ಏಳ್ತಾರಾ ಕೇಳಿ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯೋಕೆ ಒದ್ದಾಡಿದಾಗ ಹೃದಯದ ಮೇಲಿನ ಕೋಣೆ ಹಿಗ್ಗಿ, ಅಲ್ಲಿಂದ ಮೂತ್ರ ಜಾಸ್ತಿ ಮಾಡೋ ಒಂದು ಹಾರ್ಮೋನ್ ಬರತ್ತೆ. ಜನ ಶುಗರ್, ಪ್ರಾಸ್ಟೇಟ್ ಅಂತ ಟೆಸ್ಟ್ ಮಾಡಿಸ್ತಾ ಓಡಾಡ್ತಿರ್ತಾರೆ. (ಅವೂ ಮಾಡಿಸಬೇಕು, ಬೇಡ ಅಂತಿಲ್ಲ.)

ಸ್ಟಾಪ್-ಬ್ಯಾಂಗ್ ಅಂತ 8 ಪ್ರಶ್ನೆ ಇದೆ: ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಲ್ಲೋದನ್ನ ಯಾರಾದ್ರೂ ನೋಡಿರೋದು, ಬಿಪಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 35 ದಾಟಿರೋದು, 50 ದಾಟಿದ ವಯಸ್ಸು, 40 ಸೆಂಟಿಮೀಟರ್‌ಗಿಂತ ದಪ್ಪ ಕತ್ತು, ಗಂಡಸು ಅನ್ನೋದು. ಮೂರಕ್ಕೆ ಹೌದು ಬಂದ್ರೆ ಅನುಮಾನ ಪಡಬೇಕು, ನೀವು ಬರೆದಿರೋದ್ರಲ್ಲೇ ನಿಮ್ಮ ತಂದೆಗೆ ಐದಾಯ್ತು. ದಪ್ಪ ಇಲ್ವಲ್ಲ ಅಂತ ಸುಮ್ನಿರಬೇಡಿ, ದವಡೆ ಚಿಕ್ಕದಾಗಿ ಹಿಂದಕ್ಕಿದ್ರೆ ಸಣ್ಣಗಿರೋರಿಗೂ ಬರತ್ತೆ. ಥೈರಾಯ್ಡ್ ಕಮ್ಮಿ ಇದ್ರೂ ಹಿಂಗಾಗಬಹುದು, ಅದನ್ನೂ ಒಂದು ಸಲ ನೋಡಿಸಿ.

ಬೆಂಗಳೂರು ಮೊದಲೇ ಬೇಕಿಲ್ಲ. ಜಿಲ್ಲಾ ಕೇಂದ್ರದಲ್ಲಿ ಎದೆ ಡಾಕ್ಟ್ರೋ ಇಎನ್‌ಟಿಯವರೋ ಇದ್ರೆ ಮನೇಲೇ ಮಲಗಿಸಿ ಮಾಡೋ ಟೆಸ್ಟ್ ಸಿಗತ್ತಾ ಕೇಳಿ, ಬೆರಳಿಗೆ ಕ್ಲಿಪ್, ಮೂಗಿಗೆ ನಳಿಗೆ, ಎದೆಗೆ ಬೆಲ್ಟ್, ಅಷ್ಟೇ. ಗಂಟೆಗೆ 5 ಸಲಕ್ಕಿಂತ ಜಾಸ್ತಿ ಉಸಿರು ನಿಂತ್ರೆ ಅಥವಾ ಕುಗ್ಗಿದ್ರೆ ಕಾಯಿಲೆ, 30 ದಾಟಿದ್ರೆ ತೀವ್ರ. ಹೃದಯ ವೀಕ್ ಇದ್ರೆ, ಸ್ಟ್ರೋಕ್ ಆಗಿದ್ರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್ ಥರದ ಆಸ್ಪತ್ರೆಯ ಸ್ಲೀಪ್ ಲ್ಯಾಬಲ್ಲಿ ಒಂದು ರಾತ್ರಿ ಮಲಗ್ಸೋದು ವಾಸಿ.

ಟೆಸ್ಟಲ್ಲಿ ಈ ಲೆಕ್ಕ ಜಾಸ್ತಿ ಬಂದ್ರೆ ಸಿಪ್ಯಾಪ್ ಮಷೀನ್ ಹೇಳ್ತಾರೆ, ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಕೊಳ್ಳದಂಗೆ ನೋಡ್ಕೊಳ್ಳೋ ಮಷೀನ್ ಅದು, ಹತ್ತಾರು ಸಾವಿರ ಆಗತ್ತೆ, ಬಾಡಿಗೆಗೆ ಸಿಕ್ಕಿದ್ರೆ ಮೊದಲು ಹಾಗೆ ನೋಡಿ. ಹಳ್ಳೀಲಿ ಎಲ್ರೂ ಕೇಳೋದು ಕರೆಂಟ್ ಹೋದ್ರೆ ಏನ್ಮಾಡೋದು ಅಂತ. ಅದರಲ್ಲಿ ಗಾಳಿಗೆ ತೇವ ಸೇರಿಸೋ ಹ್ಯೂಮಿಡಿಫೈಯರ್ ಆಫ್ ಮಾಡಿದ್ರೆ ಕರೆಂಟ್ ಕಮ್ಮಿ ಸಾಕು, ಮನೆ ಇನ್ವರ್ಟರ್ ಮೇಲೇ ಓಡತ್ತೆ.

ಟೆಸ್ಟ್ ಆಗೋವರೆಗೂ ಮಗ್ಗುಲಾಗಿ ಮಲಗ್ಲಿ, ಕುಡಿಯೋ ಅಭ್ಯಾಸ ಇದ್ರೆ ನಿಲ್ಸಿ. ನಿದ್ದೆ ಸರಿ ಆಗ್ತಿಲ್ಲ ಅಂತ ಮೆಡಿಕಲ್ ಶಾಪಲ್ಲಿ ನಿದ್ದೆ ಮಾತ್ರೆ ತಗೊಳ್ಳೋದು ಮಾತ್ರ ಬೇಡವೇ ಬೇಡ, ಗಂಟಲು ಇನ್ನೂ ಸಡಿಲ ಆಗತ್ತೆ. ಮತ್ತೆ ತೂಕಡಿಕೆ ಹೋಗೋ ತನಕ ಬೈಕು, ಟ್ರ್ಯಾಕ್ಟರ್ ಕೀ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಬೈದ್ರೆ ಬೈಲಿ.