ವಕೀಲರಿಲ್ಲದೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆಯಬಹುದೇ?

ಪಡೆಯಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಂತೆ ಅಲ್ಲಿ ವಕೀಲರು ಕಡ್ಡಾಯವಲ್ಲ. ಹಿಂದೂ ವಿವಾಹವಾದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿ ಜಂಟಿ ಅರ್ಜಿ. ಅದಕ್ಕೂ ಮುಂಚೆ ಕನಿಷ್ಠ 1 ವರ್ಷ ಬೇರೆಯಾಗಿ ಬಾಳಿರಬೇಕು. ಲಗ್ನಪತ್ರಿಕೆ, ಮದುವೆ ಫೋಟೊ, ಆಧಾರ್ ಪ್ರತಿ, ಇಬ್ಬರ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ.

ಹೆಚ್ಚಿನವರು ಎಡವುವುದು ಒಪ್ಪಂದ ಬರೆಯುವಾಗ. ‘ಜೀವನಾಂಶ ಕೊಡುತ್ತೇನೆ’ ಎಂದಷ್ಟೇ ಬರೆದರೆ ಸಾಲದು. ಮೊತ್ತ ಎಷ್ಟು, ಯಾವ ತಾರೀಕಿಗೆ, ಯಾವ ಖಾತೆಗೆ, ಒಡವೆ ಯಾರಿಗೆ, ಮಗು ಯಾರ ಬಳಿ, ಇನ್ನೊಬ್ಬರು ನೋಡುವುದು ಯಾವ ದಿನ, ಎಲ್ಲ ಬಿಡಿಸಿ ಬರೆಯಿರಿ.

ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಕೋರಿಕೆ ಸಲ್ಲಿಸಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದ ಮೇಲೆ ಆ 6 ತಿಂಗಳ ಮನ್ನಾ ಕೇಳಬಹುದು. ಅಂತಿಮ ಆದೇಶಕ್ಕೆ ಮುನ್ನ ಒಬ್ಬರು ಒಪ್ಪಿಗೆ ಹಿಂತೆಗೆದರೂ ಅರ್ಜಿ ಬಿದ್ದುಹೋಗುತ್ತದೆ. ಹಾಗಾಗಿ ಹಣವನ್ನೆಲ್ಲ ಮೊದಲೇ ಕೊಟ್ಟುಬಿಡಬೇಡಿ. ಕೊನೆಯ ಕಂತಿನ ಡಿಡಿಯನ್ನು ನ್ಯಾಯಾಧೀಶರ ಎದುರೇ ಕೊಡಿ.